ತಾಮ್ರದ ಉಂಗುರಕ್ಕೆ ಬಂದ ಕಾಂತಗುಣ: ಒಂಬತ್ತು ತಪ್ಪು ಕಲ್ಪನೆ, ಒಂಬತ್ತು ವಾಸ್ತವ

1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ಅಮೆರಿಕದ ಎಟಿಎಸ್-6 ಉಪಗ್ರಹ ನಮ್ಮ ಹಳ್ಳಿಗಳಿಗೆ ನೇರವಾಗಿ ಟೆಲಿವಿಷನ್ ಕಾರ್ಯಕ್ರಮ ಇಳಿಸಿತು. ಸೈಟ್ ಎಂದು ಹೆಸರಾದ ಆ ಪ್ರಯೋಗಕ್ಕೆ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಆಯ್ಕೆಯಾಗಿದ್ದವು. ಕರ್ನಾಟಕದಿಂದ ಗುಲಬರ್ಗಾ (ಈಗಿನ ಕಲಬುರಗಿ), ರಾಯಚೂರು, ಬಿಜಾಪುರ ಜಿಲ್ಲೆಗಳು ಸೇರಿದ್ದವು. ಹಳ್ಳಿಗಳಲ್ಲಿ ಮುಗಿಲಿಗೆ ಮುಖ ಮಾಡಿ ನಿಂತ ಹತ್ತಡಿ ಅಗಲದ ಡಿಶ್‌ಗಳಿಗೆ ಹೊದಿಸಿದ್ದು ಕೋಳಿಗೂಡಿಗೆ ಬಳಸುವಂಥ ತಂತಿ ಬಲೆ. ತೂತೇ ಹೆಚ್ಚಿರುವ ಆ ಬಲೆ 860 ಮೆಗಾಹರ್ಟ್ಸ್ ಅಲೆಯನ್ನು ಗಟ್ಟಿ ಲೋಹದ ತಗಡಿನ ಹಾಗೆ ಪ್ರತಿಫಲಿಸಿತು. ಆ ಅಲೆಯ ತರಂಗದೂರ ಸುಮಾರು 35 ಸೆಂಟಿಮೀಟರ್. ಬಲೆಯ ಕಣ್ಣು ಅದರ ಮುಂದೆ ತೀರಾ ಚಿಕ್ಕದು. ಬಿಡಿ ತೂತು, ಬಿಡಿ ತಂತಿ ಆ ಅಲೆಯ ಲೆಕ್ಕಕ್ಕೆ ಬರಲಿಲ್ಲ; ಎಲ್ಲ ಸೇರಿ ಒಂದೇ ವಸ್ತುವಾಗಿ ವರ್ತಿಸಿತು.

ಅಲೆಗಿಂತ ಚಿಕ್ಕದಾದ ರಚನೆಗಳನ್ನು ಸಾಲಾಗಿ ಜೋಡಿಸಿದರೆ ಅಲೆ ಅವನ್ನು ಒಂದೇ ವಸ್ತುವೆಂದು ಬಗೆಯುತ್ತದೆ ಎಂಬ ಈ ತಿಳಿವಳಿಕೆಯೇ ಮೆಟಾಮೆಟೀರಿಯಲ್ ವಿಜ್ಞಾನದ ತಳಪಾಯ. ಅದರಲ್ಲೂ ಕಾಂತೀಯ ಮೆಟಾಮೆಟೀರಿಯಲ್‌ನಲ್ಲಿ ವಿದ್ಯುತ್ಕಾಂತೀಯ ಅಲೆ ಹೇಗೆ ಸಾಗುತ್ತದೆ ಎಂಬ ಪ್ರಶ್ನೆ ಇವತ್ತು ಕಲಬುರಗಿಯ ಪ್ರಯೋಗಾಲಯಗಳಿಗೂ ಬಂದಿದೆ. ಅದರ ಜೊತೆಗೇ ತಪ್ಪು ಕಲ್ಪನೆಗಳೂ ಬಂದಿವೆ. ಅವನ್ನು ಒಂದೊಂದಾಗಿ ಬಿಡಿಸೋಣ.

ತಪ್ಪು ಕಲ್ಪನೆ 1: ಕಾಂತೀಯ ಅಂದಮೇಲೆ ಅದರೊಳಗೆ ಕಬ್ಬಿಣವೋ ಆಯಸ್ಕಾಂತವೋ ಇರಲೇಬೇಕು.

ವಾಸ್ತವ: ಕಲಬುರಗಿಯಿಂದ ಕಮಲಾಪುರದ ಕಡೆಗೆ ಹೋಗುವ ದಾರಿಯ ಎರಡೂ ಬದಿಗೆ ದಖ್ಖನ್ ಲಾವಾ ಶಿಲೆ ಸವೆದು ಆದ ಎರೆಭೂಮಿ ಇದೆ. ಆ ಮಣ್ಣಿನಲ್ಲಿ ಆಯಸ್ಕಾಂತ ಎಳೆದರೆ ಕಪ್ಪು ಪುಡಿ ಅಂಟಿ ಬರುತ್ತದೆ. ಅದು ಕಲ್ಲಿನೊಳಗಿನ ಮ್ಯಾಗ್ನೆಟೈಟ್ ಖನಿಜ. ಇದು ಪ್ರಕೃತಿಯ ಕಾಂತಗುಣ. ಆದರೆ ಸೆಕೆಂಡಿಗೆ ನೂರಾರು ಕೋಟಿ ಸಲ ದಿಕ್ಕು ಬದಲಿಸುವ ಮೈಕ್ರೋವೇವ್ ಕಾಂತಕ್ಷೇತ್ರದ ವೇಗಕ್ಕೆ ಇಂಥ ವಸ್ತುಗಳ ಕಾಂತಗುಣ ಹೆಜ್ಜೆ ಹಾಕಲಾರದು. ಆವೃತ್ತಿ ಏರಿದಂತೆ ಬಹುತೇಕ ವಸ್ತುಗಳು ಕಾಂತಕ್ಷೇತ್ರದ ಮಟ್ಟಿಗೆ ಬರೀ ಗಾಳಿಯಿದ್ದ ಹಾಗೆಯೇ.

ಕಾಂತೀಯ ಮೆಟಾಮೆಟೀರಿಯಲ್‌ನಲ್ಲಿ ಇರುವುದು ತಾಮ್ರ. ತಾಮ್ರವನ್ನು ಆಯಸ್ಕಾಂತ ಎಳೆಯುವುದಿಲ್ಲ. ಆದರೆ ತಾಮ್ರದ ಉಂಗುರದ ನಡುವೆ ಹಾಯುವ ಕಾಂತಕ್ಷೇತ್ರ ಬದಲಾಗುತ್ತಿದ್ದರೆ ಉಂಗುರದಲ್ಲಿ ವಿದ್ಯುತ್ ಹರಿಯುತ್ತದೆ. ಇದು ಫ್ಯಾರಡೆಯ ನಿಯಮ. ಸುತ್ತಿ ಹರಿಯುವ ವಿದ್ಯುತ್ ತಾನೇ ಒಂದು ಪುಟ್ಟ ಆಯಸ್ಕಾಂತ. ಉಂಗುರವನ್ನು ಒಂದು ಕಡೆ ಸೀಳಿ ಸಣ್ಣ ಸಂದು ಬಿಟ್ಟರೆ ಆ ಸಂದು ಕೆಪಾಸಿಟರ್ ಆಗುತ್ತದೆ, ಉಂಗುರ ಇಂಡಕ್ಟರ್ ಆಗುತ್ತದೆ. ಹಳೆಯ ರೇಡಿಯೊದಲ್ಲಿ ಸ್ಟೇಷನ್ ಹಿಡಿಯುವುದೂ ಇದೇ ಜೋಡಿ. ಇಂಥ ಸೀಳು ಉಂಗುರಗಳ ಸಾಲಿನಿಂದ, ಕಾಂತವಲ್ಲದ ಲೋಹದಲ್ಲೇ ಬೇಕಾದ ಆವೃತ್ತಿಗೆ ಬಲವಾದ ಕಾಂತಗುಣ ಹುಟ್ಟಿಸಬಹುದು ಎಂದು ಲಂಡನ್ನಿನ ಜಾನ್ ಪೆಂಡ್ರಿ ಮತ್ತು ಸಂಗಡಿಗರು 1999ರಲ್ಲಿ ತೋರಿಸಿದರು.

ತಪ್ಪು ಕಲ್ಪನೆ 2: ಇದು ಹೊಸದಾಗಿ ಸಿಕ್ಕ ಪದಾರ್ಥ, ಕಣ್ಣಿಗೆ ಕಾಣದ ನ್ಯಾನೊ ಗಾತ್ರದ್ದು.

ವಾಸ್ತವ: ಪದಾರ್ಥ ಹಳೆಯದೇ, ಜೋಡಣೆ ಹೊಸದು. ಆ ದಾರಿಯ ಮೊದಲ ಹೆಜ್ಜೆಗಳಲ್ಲಿ ಒಂದು ನಮ್ಮ ದೇಶದ್ದೇ. ಕೋಲ್ಕತ್ತದಲ್ಲಿ ಜಗದೀಶಚಂದ್ರ ಬೋಸರು 1898ರಲ್ಲಿ ಹುರಿಹಾಕಿದ ಸೆಣಬಿನ ಕಟ್ಟುಗಳ ಮೂಲಕ ಕಿರು ರೇಡಿಯೊ ಅಲೆಗಳನ್ನು ಹಾಯಿಸಿ, ಅಲೆ ಕಂಪಿಸುವ ತಲವನ್ನೇ ತಿರುಗಿಸಿ ತೋರಿಸಿದ್ದರು. ಸೆಣಬಿಗೆ ತಾನಾಗಿ ಆ ಗುಣ ಇರಲಿಲ್ಲ, ಹುರಿಯಿಂದ ಬಂತು.

ಗಾತ್ರದ ಪ್ರಶ್ನೆಗೆ ಒಂದೇ ಅಳತೆಗೋಲು: ತರಂಗದೂರ. 2001ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ಶೆಲ್ಬಿ, ಸ್ಮಿತ್ ಮತ್ತು ಷುಲ್ಟ್ಜ್ ಸೀಳು ಉಂಗುರಗಳೊಡನೆ ಮಾಡಿದ ಹೆಸರಾಂತ ಪ್ರಯೋಗದ ಆವೃತ್ತಿ ಸುಮಾರು 10.5 ಗಿಗಾಹರ್ಟ್ಸ್, ತರಂಗದೂರ ಮೂರು ಸೆಂಟಿಮೀಟರಿಗೆ ತುಸು ಕಡಿಮೆ. ಅವರ ಫೈಬರ್‌ಗ್ಲಾಸ್ ಹಲಗೆಗಳ ಮೇಲೆ ಒಂದೊಂದು ಘಟಕದ ಅಗಲ 5 ಮಿಲಿಮೀಟರ್. ಬರಿಗಣ್ಣಿಗೆ ಕಾಣುತ್ತದೆ, ಸ್ಕೇಲಿಟ್ಟು ಅಳೆಯಬಹುದು. ಕಲಬುರಗಿ ಆಕಾಶವಾಣಿಯ 1107 ಕಿಲೋಹರ್ಟ್ಸ್ ಮಧ್ಯಮ ತರಂಗದ ಉದ್ದ ಸುಮಾರು 271 ಮೀಟರ್. ಆ ಅಲೆಯ ಲೆಕ್ಕದಲ್ಲಿ ಒಂದು ಮನೆಯಷ್ಟು ಅಗಲದ ಉಂಗುರವೂ ಚಿಕ್ಕದೇ. ನ್ಯಾನೊ ಗಾತ್ರ ಬೇಕಾಗುವುದು ಕಣ್ಣಿಗೆ ಕಾಣುವ ಬೆಳಕಿನಂಥ ತೀರಾ ಕಿರಿದಾದ ಅಲೆಗಳೊಡನೆ ಕೆಲಸ ಮಾಡುವಾಗ ಮಾತ್ರ.

ತಪ್ಪು ಕಲ್ಪನೆ 3: ಹಲಗೆಯ ಮೇಲೆ ಸೀಳು ಉಂಗುರ ಅಚ್ಚು ಹಾಕಿದರೆ ಸಾಕು, ಕಾಂತಗುಣ ಬಂದೇ ಬರುತ್ತದೆ.

ವಾಸ್ತವ: ವಿದ್ಯಾರ್ಥಿಗಳು ಹೆಚ್ಚು ಎಡವುವ ಜಾಗ ಇದು, ಆದ್ದರಿಂದ ಸ್ವಲ್ಪ ನಿಂತು ನೋಡಬೇಕು. ಅಲೆಯಲ್ಲಿ ವಿದ್ಯುತ್‌ಕ್ಷೇತ್ರ ಮತ್ತು ಕಾಂತಕ್ಷೇತ್ರ ಒಂದಕ್ಕೊಂದು ಲಂಬವಾಗಿ, ಅಲೆ ಸಾಗುವ ದಿಕ್ಕಿಗೂ ಲಂಬವಾಗಿ ಇರುತ್ತವೆ. ಉಂಗುರಕ್ಕೆ ಕಾಂತೀಯ ಪ್ರಚೋದನೆ ಸಿಗಬೇಕಾದರೆ ಕಾಂತಕ್ಷೇತ್ರ ಉಂಗುರದ ನಡುವೆ ಹಾಯಬೇಕು. ಅಂದರೆ ಅಲೆ ಹಲಗೆಯ ಮೈಗುಂಟ ಸಾಗಬೇಕು. ಹಲಗೆಯನ್ನು ಅಲೆಗೆ ಎದುರಾಗಿ ನಿಲ್ಲಿಸಿದರೆ ಕಾಂತಕ್ಷೇತ್ರ ಉಂಗುರದ ಮೇಲೆ ಸವರಿ ಹೋಗುತ್ತದೆ, ಒಳಗೆ ಹಾಯುವುದಿಲ್ಲ.

ಆದರೂ ದಾಟಿಹೋದ ಅಲೆಯ ಗ್ರಾಫಿನಲ್ಲಿ ಒಂದು ತಗ್ಗು ಕಾಣಬಹುದು. ವಿದ್ಯುತ್‌ಕ್ಷೇತ್ರ ಸಂದಿನ ಅಡ್ಡಕ್ಕೆ ಬಿದ್ದಾಗಲೂ ಉಂಗುರದಲ್ಲಿ ವಿದ್ಯುತ್ ಹರಿಯುತ್ತದೆ, ಅನುರಣನೆ ಆಗುತ್ತದೆ. ಆ ತಗ್ಗು ವಿದ್ಯುತ್ ಪ್ರತಿಕ್ರಿಯೆಯದು. ಅದನ್ನು ಕಾಂತೀಯ ಎಂದು ಬರೆದರೆ ತಪ್ಪು. ಹಾಗೆಯೇ ಆಂಟೆನಾದ ತಳದ ತಾಮ್ರದಲ್ಲಿ ಉಂಗುರದ ಆಕಾರವನ್ನು ಕೆತ್ತಿ ತೆಗೆದರೆ ಸಿಗುವ ಪೂರಕ ಉಂಗುರ ಮುಖ್ಯವಾಗಿ ವಿದ್ಯುತ್ ಗುಣವನ್ನು ಬದಲಿಸುತ್ತದೆ. ಅರ್ಧ ತರಂಗದೂರದಷ್ಟು ಅಂತರದಲ್ಲಿ ಜೋಡಿಸಿದ ರಚನೆಗಳದ್ದು ಇನ್ನೊಂದೇ ಕಥೆ: ಅಲ್ಲಿ ಸಾಲುಸಾಲಾಗಿ ಮರಳಿದ ಅಲೆಗಳು ಕೂಡಿ ದಾರಿ ಕಟ್ಟುತ್ತವೆ, ಅಲೆ ಪ್ರತಿ ಸಾಲನ್ನೂ ಬೇರೆಯಾಗಿಯೇ ಗುರುತಿಸುತ್ತದೆ. ಮೂರೂ ಉಪಯುಕ್ತ, ಮೂರೂ ಬೇರೆಬೇರೆ. ಕಾಂತಗುಣ ಇದೆ ಎನ್ನಬೇಕಾದರೆ ಪ್ರತಿಫಲಿಸಿದ ಮತ್ತು ದಾಟಿಹೋದ ಅಲೆಗಳ ಎತ್ತರವನ್ನೂ ಹಂತವನ್ನೂ ಅಳೆದು, ಅದರಿಂದ ಲೆಕ್ಕ ಹಾಕಿ ತೋರಿಸಬೇಕು.

ತಪ್ಪು ಕಲ್ಪನೆ 4: ಕಾಂತಗುಣ ಋಣವಾಗುವುದು ಕಾಗದದ ಮೇಲಿನ ಗಣಿತ, ಆಗುವುದಾದರೆ ಎಲ್ಲ ಆವೃತ್ತಿಗೂ ಆಗಬೇಕು.

ವಾಸ್ತವ: ಪಂಚಮಿ ಹಬ್ಬದ ಜೋಕಾಲಿಯನ್ನು ನೆನೆಯಿರಿ. ಅದಕ್ಕೆ ತನ್ನದೇ ಲಯವಿದೆ. ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು, ಮೇಲ್ತುದಿ ಹಿಡಿದ ಕೈಯನ್ನು ನಿಧಾನವಾಗಿ ಆಚೀಚೆ ಆಡಿಸಿದರೆ ಕಲ್ಲು ಕೈಯ ಜೊತೆಗೇ ಬರುತ್ತದೆ. ಅದರ ಲಯಕ್ಕೆ ಸರಿಯಾಗಿ ಆಡಿಸಿದರೆ ದೊಡ್ಡದಾಗಿ ತೂಗುತ್ತದೆ. ಆ ಲಯಕ್ಕಿಂತ ಬೇಗ ಆಡಿಸಿದರೆ ಕೈ ಬಲಕ್ಕೆ ಹೋದಾಗ ಕಲ್ಲು ಎಡಕ್ಕೆ ಹೋಗುತ್ತದೆ.

ಸೀಳು ಉಂಗುರದಲ್ಲಿ ಆಗುವುದೂ ಇದೇ. ಅದರ ಸಹಜ ಆವೃತ್ತಿಗಿಂತ ಸ್ವಲ್ಪ ಮೇಲೆ, ಉಂಗುರದ ಕಾಂತತ್ವ ಹೊರಗಿನ ಕಾಂತಕ್ಷೇತ್ರಕ್ಕೆ ಎದುರಾಗಿ ಏಳುತ್ತದೆ. ಆ ಎದುರು ಪ್ರತಿಕ್ರಿಯೆ ಸಾಕಷ್ಟು ದೊಡ್ಡದಾದಾಗ ಮ್ಯೂ ಎಂದು ಕರೆಯುವ ಪರ್ಮಿಯಬಿಲಿಟಿ ಸೊನ್ನೆಗಿಂತ ಕೆಳಕ್ಕಿಳಿಯುತ್ತದೆ. ಋಣ ಎಂಬುದಕ್ಕೆ ಇಲ್ಲಿ ಇಷ್ಟೇ ಅರ್ಥ, ಮತ್ತು ಇದು ಅಳೆದು ನೋಡಬಹುದಾದ ಅರ್ಥ. ಆದರೆ ಅದು ಅನುರಣನೆಯ ಮೇಲಿನ ಕಿರಿದಾದ ಪಟ್ಟಿಯಲ್ಲಿ ಮಾತ್ರ ಸಿಗುತ್ತದೆ. ಪಟ್ಟಿ ದಾಟಿದರೆ ಹಲಗೆ ಮತ್ತೆ ಸಾಮಾನ್ಯ ಹಲಗೆಯೇ. ಸಹಜ ಆವೃತ್ತಿಗೆ ಹತ್ತಿರವಿದ್ದಷ್ಟೂ ತಾಮ್ರದಲ್ಲೂ ಹಲಗೆಯಲ್ಲೂ ಶಕ್ತಿ ಬಿಸಿಯಾಗಿ ಸೋರುತ್ತದೆ. ಆವೃತ್ತಿ ಬದಲಾದರೂ ಬದಲಾಗದ ಋಣ ಮ್ಯೂ ಇರುವುದು ಸಾಧ್ಯವೇ ಇಲ್ಲ. ಹಾಗಿದ್ದರೆ ಕ್ಷೇತ್ರದಲ್ಲಿ ಕೂಡಿಟ್ಟ ಶಕ್ತಿಯೇ ಋಣವಾಗಬೇಕಾಗುತ್ತಿತ್ತು.

ತಪ್ಪು ಕಲ್ಪನೆ 5: ಮ್ಯೂ ಒಂದು ಋಣವಾದರೆ ಸಾಕು, ಅಲೆ ವಿಚಿತ್ರವಾಗಿ ಬಾಗಿ ಸಾಗುತ್ತದೆ.

ವಾಸ್ತವ: ಒಂದೇ ಋಣವಾದರೆ ಅಲೆ ಸಾಗುವುದೇ ಇಲ್ಲ. ಅಲೆಯ ನಡೆ ನಿರ್ಧರಿಸುವುದು ಎರಡು ಗುಣ: ವಿದ್ಯುತ್ತಿಗೆ ಎಪ್ಸಿಲಾನ್, ಕಾಂತಕ್ಕೆ ಮ್ಯೂ. ಎರಡೂ ಧನವಾಗಿದ್ದರೆ ಅಲೆ ಸಾಮಾನ್ಯವಾಗಿ ಸಾಗುತ್ತದೆ. ಒಂದು ಋಣವಾದರೆ ಒಳಹೊಕ್ಕಲ್ಲೇ ಕ್ಷೀಣಿಸಿ ಶಕ್ತಿ ಹಿಂದಿರುಗುತ್ತದೆ. ಎರಡೂ ಋಣವಾದಾಗ ಮತ್ತೆ ಸಾಗುತ್ತದೆ, ಬೇರೆ ರೀತಿಯಲ್ಲಿ.

ಎಪ್ಸಿಲಾನ್ ಋಣವಾಗುವುದಕ್ಕೆ ಉದಾಹರಣೆ ನಮ್ಮ ತಲೆಯ ಮೇಲೇ ಇದೆ. ರೇಡಿಯೊ ಸಿಲೋನಿನ ಶಾರ್ಟ್‌ವೇವ್ ಹಾಡುಗಳು ಸಮುದ್ರ ದಾಟಿ ದಖ್ಖನ್ನಿನ ಮನೆಗಳಿಗೆ ಬರುತ್ತಿದ್ದುದು ಅಯಾನುಗೋಳದಿಂದ ಮರಳಿ. ಅಲ್ಲಿನ ಬಿಡಿ ಎಲೆಕ್ಟ್ರಾನುಗಳಿಂದಾಗಿ, ಒಂದು ಮಿತಿಗಿಂತ ಕಡಿಮೆ ಆವೃತ್ತಿಯ ಅಲೆ ನೆಟ್ಟಗೆ ಮೇಲೇರಿದಾಗ ಎಪ್ಸಿಲಾನ್ ಸೊನ್ನೆಯಾಗುವ ಎತ್ತರ ಬರುತ್ತದೆ. ಅದರಾಚೆ ಋಣ, ಹೀಗಾಗಿ ಅಲೆ ಹಿಂದಿರುಗಲೇಬೇಕು. ಓರೆಯಾಗಿ ಹೋದ ಅಲೆ ಆ ಎತ್ತರ ಮುಟ್ಟುವ ಮೊದಲೇ ಬಾಗಿ ಮರಳುತ್ತದೆ.

ಇಕ್ಕಟ್ಟಾದ ಕೊಳವೆಯೂ ಇದೇ ಕೆಲಸ ಮಾಡುತ್ತದೆ. 2017ರಲ್ಲಿ ಆರಂಭವಾದ ಕಲಬುರಗಿ–ಬೀದರ್ ರೈಲು ಮಾರ್ಗದಲ್ಲಿ ಕಮಲಾಪುರ ಭಾಗದ ಮರಗುತ್ತಿ ಬಳಿ ಒಂದು ಸುರಂಗವಿದೆ. ಕೆಲವೇ ಮೀಟರ್ ಅಗಲದ ಸುರಂಗದೊಳಗೆ 271 ಮೀಟರ್ ಉದ್ದದ ಅಲೆ ಬಾಯಲ್ಲೇ ಸೊರಗುವುದು ಸಹಜ. ಮೂವತ್ತು ಸೆಂಟಿಮೀಟರ್ ಆಸುಪಾಸಿನ ಮೊಬೈಲ್ ಅಲೆ ಅದಕ್ಕಿಂತ ಬಹಳ ದೂರ ಒಳಹೋಗಬಲ್ಲದು. ಲೋಹದ ಇಕ್ಕಟ್ಟು ಕೊಳವೆ ಹೀಗೆ ಅಲೆಯನ್ನು ತಡೆಯುವಾಗ ಅದರ ಪರಿಣಾಮ ಋಣ ಎಪ್ಸಿಲಾನ್ ಇದ್ದ ಹಾಗೆ. 2002ರಲ್ಲಿ ಸ್ಪೇನಿನ ರಿಕಾರ್ಡೊ ಮಾರ್ಕೆಸ್ ಮತ್ತು ಸಂಗಡಿಗರು ಅಲೆ ದಾಟಲಾಗದ ಇಕ್ಕಟ್ಟು ಕೊಳವೆಯೊಳಗೆ ಸೀಳು ಉಂಗುರಗಳನ್ನಿಟ್ಟರು. ಉಂಗುರಗಳು ಮ್ಯೂವನ್ನೂ ಋಣ ಮಾಡಿದವು. ಮುಚ್ಚಿದ್ದ ದಾರಿ ಒಂದು ಕಿರು ಪಟ್ಟಿಯಲ್ಲಿ ತೆರೆಯಿತು. ಕೊಳವೆ ಒಂದೇ ತಡೆಯುತ್ತದೆ, ಉಂಗುರ ಒಂದೇ ತಡೆಯುತ್ತದೆ, ಎರಡೂ ಸೇರಿದರೆ ಬಿಡುತ್ತವೆ. ಈ ವಿಜ್ಞಾನದ ಚೆಲುವೆಲ್ಲ ಈ ಒಂದು ಪ್ರಯೋಗದಲ್ಲಿದೆ.

ಎರಡೂ ಋಣವಾದರೆ ಏನಾಗುತ್ತದೆಂದು ರಷ್ಯಾದ ವಿಕ್ಟರ್ ವೆಸೆಲಾಗೊ 1967ರಲ್ಲೇ ಬರೆದಿದ್ದರು. ಅದು ಮೂರು ದಶಕ ಕಾಗದದಲ್ಲೇ ಉಳಿದದ್ದಕ್ಕೆ ಮುಖ್ಯ ಕಾರಣ ಋಣ ಮ್ಯೂ ಸುಲಭವಾಗಿ ಸಿಗದಿದ್ದುದು. ಆ ಕೊರತೆ ತುಂಬಿದ್ದು ಉಂಗುರ.

ತಪ್ಪು ಕಲ್ಪನೆ 6: ವಕ್ರೀಭವನ ಸೂಚ್ಯಂಕ ಋಣವಾದರೆ ಅಲೆಯ ಶಕ್ತಿ ಮೂಲದ ಕಡೆಗೆ ಹಿಂದಕ್ಕೆ ಓಡುತ್ತದೆ.

ವಾಸ್ತವ: ಎಪ್ಸಿಲಾನ್, ಮ್ಯೂ ಎರಡೂ ಋಣವಾದಾಗ ಸೂಚ್ಯಂಕವೂ ಋಣವಾಗುತ್ತದೆ; ಆದರೂ ಶಕ್ತಿ ಮುಂದಕ್ಕೇ ಹೋಗುತ್ತದೆ. ಹಿಂದಕ್ಕೆ ಸರಿಯುವುದು ಅಲೆಯ ಏರಿಳಿತದ ವಿನ್ಯಾಸ ಮಾತ್ರ. ಅಲೆಯ ಒಂದು ಶಿಖರವನ್ನು ಗುರುತಿಟ್ಟು ನೋಡಿದರೆ ಅದು ಮೂಲದ ಕಡೆ ಜಾರುತ್ತಿರುತ್ತದೆ. ಸಂದೇಶವೂ ಶಕ್ತಿಯೂ ಮೂಲದಿಂದ ದೂರಕ್ಕೆ ಸಾಗುತ್ತಿರುತ್ತವೆ. ಇಂಥ ಹಿಮ್ಮುಖ ಅಲೆಗಳ ವಿಚಾರವನ್ನು 1904ರಲ್ಲೇ ಲ್ಯಾಂಬ್ ಮತ್ತು ಶುಸ್ಟರ್ ಚರ್ಚಿಸಿದ್ದರು. ಶಕ್ತಿ ನಿತ್ಯತೆಯ ನಿಯಮಕ್ಕೆ ಇದರಿಂದ ಧಕ್ಕೆಯಿಲ್ಲ, ಬೆಳಕಿನ ವೇಗದ ಮಿತಿಗೂ ಇಲ್ಲ.

ಹೊರಗೆ ಕಾಣುವ ಗುರುತು ಬಾಗುವಿಕೆಯಲ್ಲಿದೆ. 2001ರ ಸ್ಯಾನ್ ಡಿಯಾಗೊ ಪ್ರಯೋಗದಲ್ಲಿ ಪಟ್ಟಕದ ಆಕಾರಕ್ಕೆ ಜೋಡಿಸಿದ ಹಲಗೆಗಳಿಂದ ಹೊರಬಂದ ಮೈಕ್ರೋವೇವ್, ಟೆಫ್ಲಾನ್ ಪಟ್ಟಕದಿಂದ ಬಂದ ಅಲೆ ಬಾಗಿದ ಕಡೆಗೆ ಬಾಗದೆ ಲಂಬರೇಖೆಯ ಇನ್ನೊಂದು ಬದಿಗೆ ಬಾಗಿತು. ಲೆಕ್ಕ ಹಾಕಿದಾಗ ಸೂಚ್ಯಂಕ ಸುಮಾರು ಋಣ 2.7. ಸ್ನೆಲ್ಲನ ನಿಯಮ ಮುರಿಯಲಿಲ್ಲ; ಅದೇ ಸೂತ್ರಕ್ಕೆ ಋಣ ಸಂಖ್ಯೆ ಹಾಕಿದರೆ ಇದೇ ಉತ್ತರ ಬರುತ್ತದೆ.

ತಪ್ಪು ಕಲ್ಪನೆ 7: ಮೈಮೇಲೆ ಹೊದ್ದರೆ ಕಾಣೆಯಾಗುವ ಬಟ್ಟೆ ಸಿದ್ಧವಾಗಿದೆ.

ವಾಸ್ತವ: 2006ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಸೀಳು ಉಂಗುರಗಳ ಹತ್ತು ವೃತ್ತಗಳನ್ನು ಒಂದರೊಳಗೊಂದು ಇಟ್ಟು ನಡುವೆ ಪುಟ್ಟ ತಾಮ್ರದ ಸಿಲಿಂಡರನ್ನು ಮರೆಮಾಡಲಾಯಿತು. ಮರೆಯಾದದ್ದು 8.5 ಗಿಗಾಹರ್ಟ್ಸ್ ಮೈಕ್ರೋವೇವ್‌ಗೆ, ಒಂದು ಧ್ರುವೀಕರಣಕ್ಕೆ, ಅದೂ ಭಾಗಶಃ: ಚದುರುವಿಕೆ ಕಡಿಮೆಯಾಯಿತು, ಪೂರ್ತಿ ಅಳಿಯಲಿಲ್ಲ. ಪಕ್ಕದಲ್ಲಿ ನಿಂತ ಮನುಷ್ಯನ ಕಣ್ಣಿಗೆ ಅದು ಚೆನ್ನಾಗಿಯೇ ಕಾಣುತ್ತಿತ್ತು.

2024ರ ನವೆಂಬರಿನಲ್ಲಿ ಐಐಟಿ ಕಾನ್ಪುರ ಪರಿಚಯಿಸಿದ ‘ಅನಾಲಕ್ಷ್ಯ’ ಬಟ್ಟೆ ಇನ್ನೊಂದು ಬಗೆಯದು. ಅದು ರೇಡಾರ್ ಅಲೆಯನ್ನು ಸುತ್ತು ಹಾಕಿಸುವುದಿಲ್ಲ, ಹೀರಿಕೊಳ್ಳುತ್ತದೆ. ರೇಡಾರಿನಿಂದ ಮರೆಯಾಗುವುದು ಬೇರೆ, ಕಣ್ಣಿನಿಂದ ಮರೆಯಾಗುವುದು ಬೇರೆ. ಬೆಳಕಿನ ಆವೃತ್ತಿಗೆ ಉಂಗುರವನ್ನು ಕುಗ್ಗಿಸುತ್ತ ಹೋದರೆ ಎಲೆಕ್ಟ್ರಾನುಗಳ ಜಡತ್ವವೇ ಅಡ್ಡ ಬರುತ್ತದೆ; ಲೋಹದಲ್ಲಿ ನಷ್ಟವೂ ವಿಪರೀತ. ನಿಸರ್ಗವೇ ಹಾಕಿದ ಈ ಮಿತಿಗಳನ್ನು ಮುಚ್ಚಿಟ್ಟು ಆಸೆ ಹುಟ್ಟಿಸಬಾರದು.

ತಪ್ಪು ಕಲ್ಪನೆ 8: ಮೊಬೈಲಿಗೆ ‘ಚಿಪ್’ ಸ್ಟಿಕ್ಕರ್ ಅಂಟಿಸಿದರೆ ವಿಕಿರಣ ನಿಲ್ಲುತ್ತದೆ.

ವಾಸ್ತವ: ಮೊಬೈಲ್ ಕೆಲಸ ಮಾಡುವುದೇ ಅಲೆ ಹೊರಸೂಸಿ. ಅಂಟಿಸಿದ ಚೂರು ಅಲೆಯನ್ನು ತಡೆಯದಿದ್ದರೆ ಅದರಿಂದ ಪ್ರಯೋಜನವಿಲ್ಲ. ತಡೆದರೆ ಟವರ್ ಮುಟ್ಟಲು ಫೋನ್ ತನ್ನ ಶಕ್ತಿಯನ್ನು ಇನ್ನಷ್ಟು ಏರಿಸುತ್ತದೆ. ಅಮೆರಿಕದ ಗ್ರಾಹಕ ರಕ್ಷಣಾ ಸಂಸ್ಥೆ ಎಫ್‌ಟಿಸಿ ಇದೇ ಎಚ್ಚರಿಕೆ ಕೊಟ್ಟಿದೆ. ಆಂಟೆನಾದ ಜೊತೆಗೇ ವಿನ್ಯಾಸಗೊಳಿಸಿ, ಅಳೆದು ನೋಡಿದ ಮೆಟಾಮೆಟೀರಿಯಲ್ ರಚನೆ ತಲೆಯ ಕಡೆಗೆ ಹೋಗುವ ಅಲೆಯನ್ನು ತಗ್ಗಿಸಬಹುದೇ ಎಂಬುದು ಪ್ರಾಮಾಣಿಕ ಸಂಶೋಧನೆ. ಅಂಗಡಿಯ ಸ್ಟಿಕ್ಕರಿಗೂ ಅದಕ್ಕೂ ಸಂಬಂಧವಿಲ್ಲ.

ತಪ್ಪು ಕಲ್ಪನೆ 9: ಇದೆಲ್ಲ ಪರದೇಶದ, ದೊಡ್ಡ ಪಟ್ಟಣಗಳ ಕೆಲಸ, ನಮ್ಮ ಕಡೆ ಆಗುವುದಲ್ಲ.

ವಾಸ್ತವ: ಕಲಬುರಗಿಗೆ ಅಲೆಗಳ ಜೊತೆ ಹಳೆಯ ನಂಟಿದೆ. ಸೈಟ್ ಮುಗಿದ ಮರುವರ್ಷ, 1977ರಲ್ಲಿ, ಕರ್ನಾಟಕದ ಮೊದಲ ದೂರದರ್ಶನ ಕೇಂದ್ರ ಶುರುವಾದದ್ದು ಇಲ್ಲೇ. 1958ರಿಂದ ಪಿಡಿಎ ಎಂಜಿನಿಯರಿಂಗ್ ಕಾಲೇಜಿದೆ. 1980ರಲ್ಲಿ ಸ್ಥಾಪನೆಯಾದ ಗುಲಬರ್ಗಾ ವಿಶ್ವವಿದ್ಯಾಲಯದ ಅನ್ವಯಿಕ ಎಲೆಕ್ಟ್ರಾನಿಕ್ಸ್ ವಿಭಾಗ ಮೈಕ್ರೋಸ್ಟ್ರಿಪ್ ಆಂಟೆನಾ ಸಂಶೋಧನೆಗೆ ಹೆಸರಾಗಿದೆ. ಸೀಳು ಉಂಗುರ, ಪೂರಕ ಉಂಗುರಗಳನ್ನು ಆಂಟೆನಾದೊಡನೆ ಸೇರಿಸಿ ಅದರ ಗಾತ್ರ ಇಳಿಸುವ, ಪಟ್ಟಿ ಹಿಗ್ಗಿಸುವ ಪ್ರಬಂಧಗಳು ವಿಶ್ವವಿದ್ಯಾಲಯದ ಜ್ಞಾನಗಂಗಾ ಕ್ಯಾಂಪಸ್ಸಿನಿಂದ ಹೊರಬಂದಿವೆ.

ಮೈಕ್ರೋವೇವ್ ಮಟ್ಟದ ಉಂಗುರ ಮಾಡಲು ದುಬಾರಿ ಕಾರ್ಖಾನೆ ಬೇಕಿಲ್ಲ. ತಾಮ್ರ ಹೊದ್ದ ಗ್ಲಾಸ್ ಎಪಾಕ್ಸಿ ಹಲಗೆ, ಅಚ್ಚು ಇಳಿಸುವ ಸಲಕರಣೆ, ಬೇಡದ ತಾಮ್ರ ಕರಗಿಸುವ ಫೆರಿಕ್ ಕ್ಲೋರೈಡ್ ದ್ರಾವಣ ಇದ್ದರೆ ಸಾಕು. ಬೆಲೆಬಾಳುವುದು ಅಳೆಯುವ ಯಂತ್ರ, ಅಂದರೆ ನೆಟ್‌ವರ್ಕ್ ಅನಲೈಸರ್. ಅದಕ್ಕಿಂತ ಬೆಲೆಬಾಳುವುದು ಅಳತೆಯನ್ನು ಸರಿಯಾಗಿ ಓದುವ ಬುದ್ಧಿ. ಅಗ್ಗದ ಹಲಗೆ ಒಂದಿಷ್ಟು ಶಕ್ತಿ ನುಂಗುತ್ತದೆ, ಆಗ ಋಣ ಮ್ಯೂ ಮಸುಕಾಗುತ್ತದೆ ಅಥವಾ ಬರುವುದೇ ಇಲ್ಲ. ಆ ಫಲಿತಾಂಶವನ್ನೂ ಇದ್ದ ಹಾಗೇ ಬರೆಯುವ ಧೈರ್ಯ ಬೇಕು. ಮುಂದೆ ಬರುವವರಿಗೆ ಅದೇ ದಾರಿ ತೋರುತ್ತದೆ.

ಆದ್ದರಿಂದ ಈ ವಿಷಯದಲ್ಲಿ ಯಾರು ಏನೇ ಹೇಳಲಿ, ಮೂರು ಪ್ರಶ್ನೆ ಕೇಳಿ. ಯಾವ ಆವೃತ್ತಿಯಲ್ಲಿ? ತರಂಗದೂರಕ್ಕೆ ಹೋಲಿಸಿದರೆ ರಚನೆಯ ಗಾತ್ರ ಎಷ್ಟು? ಶಕ್ತಿ ಎಷ್ಟು ಸೋರಿತು? ಮೂರಕ್ಕೂ ಸಂಖ್ಯೆಯಲ್ಲಿ ಉತ್ತರ ಕೊಡುವವರ ಮಾತು ನಂಬಲು ಯೋಗ್ಯ. ಕಮಲಾಪುರದ ಪಿಯು ಕಾಲೇಜಿನಲ್ಲಿ ಇವತ್ತು ಫ್ಯಾರಡೆಯ ನಿಯಮ ಓದುತ್ತಿರುವ ಹುಡುಗಿಯ ಕೈಯಲ್ಲಿ ಈ ವಿಜ್ಞಾನದ ಮೊದಲ ಸೂತ್ರ ಆಗಲೇ ಇದೆ. ಉಳಿದದ್ದನ್ನು ಅವಳಿಗೆ ಕನ್ನಡದಲ್ಲಿ, ಉತ್ಪ್ರೇಕ್ಷೆಯಿಲ್ಲದೆ ತಲುಪಿಸುವುದು ಓದಿದವರೆಲ್ಲರ ಕರ್ತವ್ಯ.